ಮಾತು ಸರಿ ಇತ್ತು, ಎತ್ತರ ತಪ್ಪಿತ್ತು

ದೆಹಲಿ, ಗುರುಗ್ರಾಮ, ನೊಯ್ಡಾ ಕಡೆ ಇರುವ ನಮ್ಮ ವೀಕ್ಷಕರಲ್ಲಿ ಅನೇಕರು ಚರ್ಖಿ ದಾದ್ರಿ ಎಂಬ ಹೆಸರನ್ನು ಹೆದ್ದಾರಿಯ ಫಲಕದ ಮೇಲೆ ಓದಿರ್ತೀರಿ. ದೆಹಲಿಯಿಂದ ಪಶ್ಚಿಮಕ್ಕೆ ನೂರು ಕಿಲೋಮೀಟರಿನ ಆಸುಪಾಸಿನಲ್ಲಿರುವ ಹರಿಯಾಣದ ಊರು. 'ದಂಗಲ್' ಸಿನಿಮಾದಿಂದ ನಮಗೆಲ್ಲ ಪರಿಚಯವಾದ ಫೋಗಟ್ ಅಕ್ಕತಂಗಿಯರ ಹಳ್ಳಿ ಬಲಾಲಿ ಕೂಡ ಇದೇ ಜಿಲ್ಲೆಯದು. ಆದರೆ ವಿಮಾನಯಾನದ ಇತಿಹಾಸದಲ್ಲಿ ಈ ಊರಿನ ಹೆಸರು ಸೇರಿಕೊಂಡದ್ದು ಬೇರೆ ಕಾರಣಕ್ಕೆ. 1996ರ ನವೆಂಬರ್ 12ರ ಸಂಜೆ, ಸುಮಾರು 6 ಗಂಟೆ 40 ನಿಮಿಷಕ್ಕೆ, ಇಲ್ಲಿನ ಹೊಲಗಳ ಮೇಲೆ ಆಕಾಶದಲ್ಲಿ ಎರಡು ವಿಮಾನಗಳು ಡಿಕ್ಕಿ ಹೊಡೆದವು. 349 ಜನ ಸತ್ತರು. ಒಬ್ಬರೂ ಉಳಿಯಲಿಲ್ಲ. ಹಾರಾಟದಲ್ಲಿರುವ ವಿಮಾನಗಳು ಒಂದಕ್ಕೊಂದು ಬಡಿದ ಅಪಘಾತಗಳಲ್ಲಿ ಇವತ್ತಿಗೂ ಅತಿ ಹೆಚ್ಚು ಸಾವು ಆಗಿರೋದು ಇದರಲ್ಲೇ.

ಈ ಘಟನೆಗೆ ಸಾಮಾನ್ಯವಾಗಿ ಒಂದೇ ಉಸಿರಿನ ವಿವರಣೆ ಕೇಳಿಬರುತ್ತೆ. "ಕಜಕಿಸ್ತಾನದ ಪೈಲಟ್‌ಗಳಿಗೆ ಇಂಗ್ಲಿಷ್ ಬರ್ತಿರಲಿಲ್ಲ, ಹೇಳಿದ್ದು ಅರ್ಥ ಆಗಲಿಲ್ಲ, ಇಳಿದುಬಿಟ್ರು, ಅಷ್ಟೇ." ಇದು ಸುಳ್ಳಲ್ಲ. ತನಿಖೆಯ ವರದಿಯಲ್ಲೇ ಭಾಷೆಯ ಕೊರತೆಯ ಮಾತು ಇದೆ. ಆದರೆ ಆ ಸಂಜೆಯ ರೇಡಿಯೋ ಸಂಭಾಷಣೆಯನ್ನು ಓದಿದರೆ ಒಂದು ವಿಚಿತ್ರ ಕಾಣುತ್ತೆ. ನೆಲದಿಂದ ಹೋದ ಸೂಚನೆ ಸರಿಯಾಗಿತ್ತು. ವಿಮಾನದಿಂದ ಬಂದ ಉತ್ತರದಲ್ಲಿದ್ದ ಸಂಖ್ಯೆಯೂ ಸರಿಯಾಗೇ ಇತ್ತು. ತಪ್ಪಿದ್ದು ವಿಮಾನದ ಎತ್ತರ. ಹಾಗಾದರೆ ಮಾತು ಎಲ್ಲಿ ಕಳೆದುಹೋಯ್ತು? ಇವತ್ತು ಅದನ್ನೇ ಹುಡುಕೋಣ.

ಎರಡು ವಿಮಾನ, ಒಂದೇ ದಾರಿ

ಮೊದಲನೆಯದು ಸೌದಿಯಾ 763. ಬೋಯಿಂಗ್ 747, ನಾವು ಜಂಬೋ ಜೆಟ್ ಅಂತೀವಲ್ಲ, ಅದು. ಸಂಜೆ 6:32ಕ್ಕೆ ದೆಹಲಿ ಬಿಟ್ಟು ಸೌದಿ ಅರೇಬಿಯಾದ ದಹ್ರಾನ್ ಕಡೆಗೆ ಹೊರಟಿತ್ತು. ಒಳಗೆ 312 ಜನ. ಬಹುಪಾಲು ಭಾರತೀಯರು, ಜೊತೆಗೆ ನೇಪಾಳದವರು. ಡ್ರೈವರ್ ಕೆಲಸ, ಅಡುಗೆ ಕೆಲಸ, ಮನೆಗೆಲಸ ಅಂತ ಕೊಲ್ಲಿ ದೇಶಕ್ಕೆ ದುಡಿಯಲು ಹೊರಟವರು ಅವರಲ್ಲಿ ಬಹಳ ಮಂದಿ.

ಎರಡನೆಯದು ಕಜಕಿಸ್ತಾನ್ ಏರ್‌ಲೈನ್ಸ್ 1907. ಇದು ಇಲ್ಯೂಶಿನ್ 76, ಸೋವಿಯತ್ ಕಾಲದಲ್ಲಿ ಮೂಲತಃ ಸರಕು ಸಾಗಿಸೋಕೆ ಅಂತ ಮಾಡಿದ ನಾಲ್ಕು ಎಂಜಿನ್‌ನ ದೊಡ್ಡ ವಿಮಾನ. ಕಜಕಿಸ್ತಾನದ ಶಿಮ್ಕೆಂಟ್‌ನಿಂದ ದೆಹಲಿಗೆ ಬರ್ತಿತ್ತು. ಒಳಗೆ 37 ಜನ. ಕಿರ್ಗಿಸ್ತಾನದ ಒಂದು ಕಂಪನಿ ಇದನ್ನು ಬಾಡಿಗೆಗೆ ಹಿಡಿದಿತ್ತು. ಪ್ರಯಾಣಿಕರಲ್ಲಿ ಹೆಚ್ಚಿನವರು ಭಾರತದಲ್ಲಿ ಸಾಮಾನು ಖರೀದಿ ಮಾಡೋಕೆ ಬರ್ತಿದ್ದವರು. ಸೋವಿಯತ್ ಒಕ್ಕೂಟ ಒಡೆದ ಮೇಲೆ ಮಧ್ಯ ಏಷ್ಯಾದ ಎಷ್ಟೋ ಕುಟುಂಬಗಳು ಹೀಗೆ ಹೊರದೇಶದ ಸರಕು ತಂದು ಮಾರಿ ಬದುಕು ಸಾಗಿಸ್ತಿದ್ದವು. ಒಟ್ಟಿನಲ್ಲಿ ಎರಡೂ ವಿಮಾನದಲ್ಲಿ ಇದ್ದವರು ಹೆಚ್ಚಾಗಿ ಹೊಟ್ಟೆಪಾಡಿಗೆ ಊರು ಬಿಟ್ಟು ಹೊರಟವರು.

ಆಗ ದೆಹಲಿಯ ಸುತ್ತಲಿನ ಆಕಾಶದಲ್ಲಿ ಹೆಚ್ಚಿನ ಭಾಗ ವಾಯುಪಡೆಯ ಕೈಯಲ್ಲಿತ್ತು. ನಾಗರಿಕ ವಿಮಾನಗಳಿಗೆ ಉಳಿದದ್ದು ಒಂದೇ ಓಣಿ. ಹೋಗೋದೂ ಅದರಲ್ಲೇ, ಬರೋದೂ ಅದರಲ್ಲೇ. ನಮ್ಮೂರಿನ ಒಂದೇ ಪಥದ ಘಾಟಿ ರಸ್ತೆ ಇದ್ದ ಹಾಗೆ ಅಂದ್ಕೊಳ್ಳಿ. ರಸ್ತೆಯಲ್ಲಾದರೆ ಎದುರು ಬಂದ ಬಸ್ಸಿಗೆ ಪಕ್ಕಕ್ಕೆ ಸರಿದು ಜಾಗ ಬಿಡಬಹುದು. ಆಕಾಶದಲ್ಲಿ ಎದುರುಬದುರಾಗುವ ವಿಮಾನಗಳನ್ನು ಮೇಲೆ ಕೆಳಗೆ ಮಾಡಿ ದಾಟಿಸುತ್ತಾರೆ. ಒಂದಕ್ಕೂ ಇನ್ನೊಂದಕ್ಕೂ ನಡುವೆ 1,000 ಅಡಿ, ಅಂದರೆ ಸುಮಾರು 300 ಮೀಟರ್ ಅಂತರ ಇಟ್ಟರೆ ಸಾಕು. ನಿಯಮದ ಪ್ರಕಾರ ಅದು ಸುರಕ್ಷಿತ.

ಎತ್ತರವನ್ನು ರೇಡಿಯೋದಲ್ಲಿ ನೂರರ ಲೆಕ್ಕದಲ್ಲಿ ಹೇಳ್ತಾರೆ. 150 ಅಂದರೆ 15,000 ಅಡಿ, 140 ಅಂದರೆ 14,000 ಅಡಿ. ಆ ಸಂಜೆ ಇಳಿದು ಬರ್ತಿದ್ದ ಕಜಕ್ ವಿಮಾನಕ್ಕೆ 150ಕ್ಕೆ ಬಂದು ಅಲ್ಲೇ ಇರಿ ಅಂತ ಹೇಳಲಾಗಿತ್ತು. ಏರಿ ಹೋಗ್ತಿದ್ದ ಸೌದಿ ವಿಮಾನಕ್ಕೆ 140ಕ್ಕೆ ಏರಿ ಅಲ್ಲೇ ಇರಿ, ಮುಂದಿನ ಎತ್ತರ ಆಮೇಲೆ ಕೊಡ್ತೀವಿ ಅಂತ ಹೇಳಲಾಗಿತ್ತು. ಸೌದಿ ವಿಮಾನ ಹೇಳಿದಂತೆ 140ರಲ್ಲಿ ನಿಂತಿತು. ಕಜಕ್ ವಿಮಾನ 150ಕ್ಕೆ ಬಂದೆವು ಅಂತ ವರದಿ ಮಾಡಿತು.

ಕಂಟ್ರೋಲರ್ ಅದಕ್ಕೆ 150ರಲ್ಲೇ ಇರಿ ಅಂತ ಮತ್ತೊಮ್ಮೆ ಹೇಳಿದರು. ನಿಮ್ಮ ನೇರ ಎದುರಿನಿಂದ ಸೌದಿಯ 747 ಬರ್ತಿದೆ, ಕಂಡರೆ ತಿಳಿಸಿ ಅಂದರು. ಎಷ್ಟು ಮೈಲಿ ಅಂತ ವಿಮಾನದಿಂದ ಪ್ರಶ್ನೆ ಬಂತು. ದೂರ ಹೇಳಿದರು, ಅದು 140ರಲ್ಲಿದೆ ಅಂತಲೂ ಹೇಳಿದರು. ನೋಡ್ತಿದ್ದೇವೆ ಅಂತ ಉತ್ತರ ಬಂತು. ಆಮೇಲೆ ಎರಡೂ ವಿಮಾನದಿಂದ ಮಾತು ಬರಲಿಲ್ಲ. ಅದೇ ಹೊತ್ತಿಗೆ ದೆಹಲಿಗೆ ಇಳಿಯಲು ಬರ್ತಿದ್ದ ಅಮೆರಿಕದ ವಾಯುಪಡೆಯ ಸಾಗಣೆ ವಿಮಾನವೊಂದರ ಪೈಲಟ್, ಮೋಡದೊಳಗೆ ಕಿತ್ತಳೆ ಬಣ್ಣದ ದೊಡ್ಡ ಬೆಳಕು ಕಂಡಿತು ಅಂತ ತಿಳಿಸಿದರು.

ಚುಕ್ಕಿ ಕಾಣುತ್ತೆ, ಎತ್ತರ ಕಾಣಲ್ಲ

ಇಲ್ಲಿ ನಿಮಗೊಂದು ಪ್ರಶ್ನೆ ಬರಬೇಕು. ರೇಡಾರ್ ಇತ್ತಲ್ಲ, ವಿಮಾನ ಕೆಳಗೆ ಇಳಿದದ್ದು ಕಂಟ್ರೋಲರ್‌ಗೆ ಕಾಣಲಿಲ್ವಾ?

ಕಾಣಲಿಲ್ಲ. ರೇಡಾರ್‌ನಲ್ಲಿ ಎರಡು ಬಗೆ. ಮೊದಲನೆಯದು ಪ್ರೈಮರಿ. ನೆಲದಿಂದ ರೇಡಿಯೋ ಅಲೆ ಕಳಿಸ್ತಾರೆ, ಅದು ವಿಮಾನದ ಮೈಗೆ ತಾಗಿ ಹಿಂದೆ ಬರುತ್ತೆ. ಬಾವಿಯೊಳಗೆ ಕೂಗಿದರೆ ಪ್ರತಿಧ್ವನಿ ಬರುತ್ತಲ್ಲ, ಹಾಗೆ. ಯಾವ ದಿಕ್ಕು, ಎಷ್ಟು ದೂರ ಅನ್ನೋದು ಇದರಿಂದ ಗೊತ್ತಾಗುತ್ತೆ. ಎಷ್ಟು ಎತ್ತರ ಅನ್ನೋದು ಗೊತ್ತಾಗಲ್ಲ. ಎರಡನೆಯದು ಸೆಕೆಂಡರಿ. ಇದರಲ್ಲಿ ನೆಲದಿಂದ ಪ್ರಶ್ನೆ ಹೋಗುತ್ತೆ, ವಿಮಾನದಲ್ಲಿರುವ ಟ್ರಾನ್ಸ್‌ಪಾಂಡರ್ ಅನ್ನೋ ಪೆಟ್ಟಿಗೆ ತಾನೇ ಉತ್ತರ ಕೊಡುತ್ತೆ. ನಾನು ಇಂಥ ವಿಮಾನ, ಇಷ್ಟು ಎತ್ತರದಲ್ಲಿದ್ದೀನಿ ಅಂತ. ಆ ಸಂಜೆ ದೆಹಲಿಯ ಕಂಟ್ರೋಲರ್ ಮುಂದೆ ಇದ್ದದ್ದು ಪ್ರೈಮರಿ ರೇಡಾರ್. ಪರದೆಯ ಮೇಲೆ ಎರಡು ಚುಕ್ಕಿ ಹತ್ತಿರ ಬರ್ತಿದ್ದವು. ಬರಲೇಬೇಕಿತ್ತು, ಒಂದು ಮೇಲೆ ಒಂದು ಕೆಳಗೆ ದಾಟಿ ಹೋಗಬೇಕಾದ ವಿಮಾನಗಳು ಅವು. ಎತ್ತರದ ವಿಷಯದಲ್ಲಿ ಅವರಿಗಿದ್ದ ಆಧಾರ ಒಂದೇ, ವಿಮಾನದಿಂದ ಬಂದ ದನಿ.

ನಮ್ಮ ಕೆಲಸದ ಭಾಷೆಯಲ್ಲಿ ಹೇಳೋದಾದ್ರೆ, ಅಕ್ನಾಲೆಜ್‌ಮೆಂಟ್ ಬಂದಿದೆ, ಆದರೆ ಸ್ಟೇಟ್ ಏನಾಗಿದೆ ಅಂತ ನೋಡೋಕೆ ದಾರಿ ಇಲ್ಲ. ಸರ್ವರ್ "200 ಓಕೆ" ಅಂತ ಕಳಿಸಿದೆ. ಡೇಟಾಬೇಸ್‌ನಲ್ಲಿ ಸಾಲು ಬಿದ್ದಿದೆಯೋ ಇಲ್ಲವೋ ಅದು ನಿಮಗೆ ಕಾಣಲ್ಲ. ವಿಮಾನಯಾನದಲ್ಲಿ ರೀಡ್‌ಬ್ಯಾಕ್ ಅನ್ನೋ ಒಳ್ಳೆಯ ಪದ್ಧತಿ ಇದೆ. ಸೂಚನೆ ಪಡೆದವರು ಅದನ್ನು ವಾಪಸ್ ಹೇಳಬೇಕು, ಕೊಟ್ಟವರು ಕೇಳಿ ತಾಳೆ ನೋಡಬೇಕು. ಆದರೆ ರೀಡ್‌ಬ್ಯಾಕ್‌ನಿಂದ ಖಾತ್ರಿಯಾಗೋದು ಮಾತು ಕಿವಿಗೆ ಬಿತ್ತು ಅನ್ನೋದಷ್ಟೇ. ಕೈ ಏನು ಮಾಡ್ತಿದೆ ಅನ್ನೋದು ಅದರಿಂದ ತಿಳಿಯಲ್ಲ. ಕಜಕ್ ವಿಮಾನದಲ್ಲಿ ಕಿವಿ ಒಬ್ಬರದು, ಕೈ ಇನ್ನೊಬ್ಬರದು.

ಐದು ಜನ, ಒಂದು ಕಿವಿ

ಇಲ್ಯೂಶಿನ್ 76ರ ಕಾಕ್‌ಪಿಟ್‌ನ ತಂಡದಲ್ಲಿ ಐದು ಜನ. ಕ್ಯಾಪ್ಟನ್, ಕೋಪೈಲಟ್, ಫ್ಲೈಟ್ ಎಂಜಿನಿಯರ್, ದಾರಿ ಲೆಕ್ಕ ಹಾಕುವ ನ್ಯಾವಿಗೇಟರ್, ಮತ್ತು ನೆಲದ ಜೊತೆ ಮಾತಾಡೋಕೇ ಒಬ್ಬ ರೇಡಿಯೋ ಆಪರೇಟರ್. ಇಂಗ್ಲಿಷ್ ವ್ಯವಹಾರ ಎಲ್ಲಾ ಈ ರೇಡಿಯೋ ಆಪರೇಟರ್‌ದು. ಪೈಲಟ್‌ಗಳು ಅವರನ್ನೇ ಪೂರ್ತಿ ನಂಬಿಕೊಂಡಿದ್ದರು. ಆದರೆ ಅವರು ಕೂತ ಜಾಗದಲ್ಲಿ ಆಲ್ಟಿಮೀಟರ್, ಅಂದರೆ ಎತ್ತರ ತೋರಿಸುವ ಮೀಟರು ಇರಲಿಲ್ಲ. ಎತ್ತರ ಎಷ್ಟು ಅಂತ ತಿಳೀಬೇಕಾದರೆ ಮುಂದೆ ಕೂತ ಪೈಲಟ್‌ಗಳ ಹೆಗಲ ಮೇಲಿಂದ ಇಣುಕಿ ನೋಡಬೇಕಿತ್ತು.

ಅಂದರೆ ಪರಿಸ್ಥಿತಿ ಹೀಗಿತ್ತು. ಸೂಚನೆ ಅರ್ಥವಾಗುವವರ ಮುಂದೆ ಮೀಟರ್ ಇಲ್ಲ. ಮೀಟರ್ ಇರುವವರಿಗೆ ಸೂಚನೆ ನೇರವಾಗಿ ಅರ್ಥವಾಗಲ್ಲ. ನಡುವೆ ಇರೋದು ಗದ್ದಲದ ಕಾಕ್‌ಪಿಟ್‌ನಲ್ಲಿ ರಷ್ಯನ್ ಭಾಷೆಯಲ್ಲಿ ದಾಟಿಸಿದ ಮಾತು.

ಇಷ್ಟು ಕೆಟ್ಟ ವ್ಯವಸ್ಥೆಯನ್ನ ಯಾರು ಮಾಡಿದರು ಅಂತ ಅನ್ನಿಸಬಹುದು. ನನಗೆ ಈ ಕಥೆಯಲ್ಲಿ ಮುಖ್ಯ ಅನಿಸೋದು ಇದೇ ಭಾಗ. ಮಾಡಿದಾಗ ಅದು ಕೆಟ್ಟ ವ್ಯವಸ್ಥೆ ಆಗಿರಲಿಲ್ಲ. ಸೋವಿಯತ್ ಆಕಾಶದಲ್ಲಿ ನೆಲದ ಕಂಟ್ರೋಲರ್ ಮಾತಾಡ್ತಿದ್ದದ್ದು ರಷ್ಯನ್, ಎತ್ತರ ಹೇಳ್ತಿದ್ದದ್ದು ಮೀಟರಿನಲ್ಲಿ. ನೆಲದ ಮಾತು ಯಾರ ಕಿವಿಗೆ ಬಿದ್ದರೂ ಅರ್ಥ ಆಗ್ತಿತ್ತು. ರೇಡಿಯೋ ಆಪರೇಟರ್ ಉತ್ತರ ಕೊಡುವ ಕೆಲಸ ನೋಡಿಕೊಳ್ತಿದ್ದರು, ಅಷ್ಟೇ. ಅವರೇನಾದರೂ ತಪ್ಪು ಕೇಳಿಸಿಕೊಂಡರೆ ಪಕ್ಕದಲ್ಲಿದ್ದವರು ತಿದ್ದಬಹುದಿತ್ತು. 1991ರ ಕೊನೆಗೆ ಒಕ್ಕೂಟ ಒಡೆಯಿತು. ಏರೋಫ್ಲೋಟ್ ಎಂಬ ದೈತ್ಯ ಕಂಪನಿ ಗಣರಾಜ್ಯಗಳ ನಡುವೆ ಹರಿದು ಹಂಚಿಹೋಯಿತು. ಅದೇ ವಿಮಾನಗಳು, ಅದೇ ತಂಡಗಳು ಹೊರದೇಶದ ದಾರಿ ಹಿಡಿದವು. ಅಲ್ಲಿ ಮಾತು ಇಂಗ್ಲಿಷ್, ಎತ್ತರ ಅಡಿಯಲ್ಲಿ. ಸೀಟುಗಳ ಜೋಡಣೆ ಬದಲಾಗಲಿಲ್ಲ, ಆದರೆ ಐದು ಜನರ ಕಿವಿ ಒಬ್ಬರ ಕಿವಿಗೆ ಇಳಿಯಿತು. ರೇಡಿಯೋ ಆಪರೇಟರ್ ಹುದ್ದೆಯ ಹೆಸರು ಅದೇ ಇದ್ದರೂ ಕೆಲಸ ದುಭಾಷಿಯದಾಯ್ತು. ಆ ದುಭಾಷಿಗೆ ಒಂದು ಮೀಟರ್ ಬೇಕು ಅಂತ ಯಾರಿಗೂ ಹೊಳೆಯಲಿಲ್ಲ.

ಕೊನೆಯ ಕ್ಷಣಗಳು

ಎರಡೂ ವಿಮಾನದ ಬ್ಲ್ಯಾಕ್ ಬಾಕ್ಸ್‌ಗಳನ್ನು ಮಾಸ್ಕೋದಲ್ಲೂ ಇಂಗ್ಲೆಂಡಿನ ಫಾರ್ನ್‌ಬರೋದಲ್ಲೂ ಓದಿಸಲಾಯಿತು. 150ಕ್ಕೆ ಬಂದೆವು ಅಂತ ರೇಡಿಯೋದಲ್ಲಿ ಹೇಳಿದಾಗ ಕಜಕ್ ವಿಮಾನ ಆ ಎತ್ತರದಲ್ಲಿ ನೆಲೆಯಾಗಿ ನಿಂತಿರಲಿಲ್ಲ, ಇಳಿಯುತ್ತಲೇ ಇತ್ತು. 14,500 ಅಡಿಗೆ, ಆಮೇಲೆ 14,000ಕ್ಕೆ, ಅದಕ್ಕೂ ಕೆಳಗೆ.

ಯಾಕೆ ಇಳಿಯಿತು? ಕಜಕ್ ಕಡೆಯವರು ಮೋಡದೊಳಗಿನ ಗಾಳಿಯ ಏರಿಳಿತದ ಜೊತೆ ಪೈಲಟ್‌ಗಳು ಗುದ್ದಾಡ್ತಿದ್ದರು ಅಂತ ವಾದಿಸಿದರು. ಎದುರಿನ ವಿಮಾನದ ಬಗ್ಗೆ ಹೇಳುವಾಗ ಬಂದ 140 ಅನ್ನೋ ಸಂಖ್ಯೆಯನ್ನ ತಮಗೆ ಕೊಟ್ಟ ಎತ್ತರ ಅಂತ ಮುಂದಿದ್ದವರು ತಿಳಿದುಕೊಂಡಿರಬಹುದು ಅನ್ನೋ ಊಹೆಯೂ ಇದೆ. ಇಂಗ್ಲಿಷ್ ಅರೆಬರೆ ಬರುವವರಿಗೆ ವಾಕ್ಯ ಹಿಡಿಯೋಕಾಗಲ್ಲ, ನಡುವಿನ ಸಂಖ್ಯೆ ಮಾತ್ರ ಕಿವಿಗೆ ಅಂಟಿಕೊಳ್ಳುತ್ತೆ. ಹೊಸ ಭಾಷೆಯ ಊರಿಗೆ ಬಂದು ತರಕಾರಿ ಅಂಗಡಿಯಲ್ಲಿ ನಿಂತವರಿಗೆಲ್ಲ ಇದು ಗೊತ್ತಿರುವ ವಿಷಯವೇ.

ಆಮೇಲೆ ಕಾಕ್‌ಪಿಟ್‌ನ ಧ್ವನಿಮುದ್ರಣದಲ್ಲಿ, ನಮಗೆ ಯಾವ ಎತ್ತರ ಕೊಟ್ಟಿದ್ದಾರೆ ಅನ್ನೋ ಪ್ರಶ್ನೆ ಕೇಳಿಬರುತ್ತೆ. ಈ ಪ್ರಶ್ನೆಯನ್ನ ಸ್ವಲ್ಪ ಗಮನಿಸಿ. ಸೂಚನೆ ಬಂದು, ಅದಕ್ಕೆ ಉತ್ತರ ಹೋಗಿ, ಎದುರಿಗೆ ಜಂಬೋ ಜೆಟ್ ಇದೆ ಅಂತ ಎಚ್ಚರಿಕೆಯೂ ಬಂದಾದ ಮೇಲೆ ಹುಟ್ಟಿದ ಪ್ರಶ್ನೆ ಅದು. 150ರಲ್ಲೇ ಇರಿ, ಇಳೀಬೇಡಿ ಅಂತ ಉತ್ತರ ಬರುತ್ತೆ. ಕೆಲವೇ ಕ್ಷಣಗಳಲ್ಲಿ ರೇಡಿಯೋ ಆಪರೇಟರ್‌ಗೆ ವಿಮಾನ 150ರಲ್ಲಿ ಇಲ್ಲ ಅನ್ನೋದು ತಿಳಿಯುತ್ತೆ. 150ಕ್ಕೆ ಏರಿ, 140ರಲ್ಲಿ ಅದು ಇದೆ ಅಂತ ಅವರು ಕೂಗ್ತಾರೆ. ಕ್ಯಾಪ್ಟನ್ ಎಂಜಿನ್‌ಗೆ ಪೂರ್ತಿ ಬಲ ಕೊಡೋಕೆ ಹೇಳ್ತಾರೆ. ವಿಮಾನ ಸ್ವಲ್ಪ ಮೇಲೇಳುತ್ತೆ. ಅದರ ಬಾಲ ಜಂಬೋ ಜೆಟ್‌ನ ಎಡ ರೆಕ್ಕೆಗೆ ಬಡಿಯುತ್ತೆ.

ಅಷ್ಟು ಹೊತ್ತಿಗೆ ಅವರು ಸೌದಿ ವಿಮಾನಕ್ಕಿಂತ ಕೆಳಗಿದ್ದರು. ಏನೂ ಮಾಡದೆ ಹಾಗೇ ಹೋಗಿದ್ದರೆ ಬಹುಶಃ ಅದರ ಹೊಟ್ಟೆಯ ಕೆಳಗಿಂದ ದಾಟಿಬಿಡ್ತಿದ್ದರು. ಇಡೀ ಕಾಕ್‌ಪಿಟ್‌ನಲ್ಲಿ ಸರಿಯಾದ ಎತ್ತರವನ್ನು ಹಿಡಿದು ಕೂಗಿದ ವ್ಯಕ್ತಿಯ ಮಾತನ್ನು ಕೇಳಿದ್ದಕ್ಕೇ ಡಿಕ್ಕಿಯಾಯ್ತು. ಅವರು ಹೇಳಿದ್ದರಲ್ಲಿ ಒಂದಕ್ಷರ ತಪ್ಪಿರಲಿಲ್ಲ, ಹೇಳುವ ಹೊತ್ತು ಮೀರಿತ್ತು.

ಇದಕ್ಕೂ ಮೊದಲು

ನೆಲದ ಸೂಚನೆ ಕಾಕ್‌ಪಿಟ್‌ನೊಳಗೆ ದಾರಿ ತಪ್ಪಿದ್ದು ಇದೇ ಮೊದಲಲ್ಲ. ಹಿಂದಿನ ಎರಡು ದೊಡ್ಡ ಘಟನೆ ನೋಡಿದರೆ ಚರ್ಖಿ ದಾದ್ರಿಯದು ಎಲ್ಲಿ ಬೇರೆ ಅನ್ನೋದು ಸ್ಪಷ್ಟವಾಗುತ್ತೆ.

1977ರ ಮಾರ್ಚ್ 27. ಸ್ಪೇನ್ ದೇಶಕ್ಕೆ ಸೇರಿದ ಟೆನರೀಫ್ ದ್ವೀಪ. ದಟ್ಟ ಮಂಜಿನಲ್ಲಿ ಕೆಎಲ್‌ಎಂ ಮತ್ತು ಪ್ಯಾನ್ ಆಮ್ ಕಂಪನಿಗಳ ಎರಡು 747 ವಿಮಾನಗಳು ರನ್‌ವೇ ಮೇಲೇ ಡಿಕ್ಕಿಯಾಗಿ 583 ಜನ ಸತ್ತರು. ಕೆಎಲ್‌ಎಂ ಕೋಪೈಲಟ್ ರೇಡಿಯೋದಲ್ಲಿ ಹೇಳಿದ ವಾಕ್ಯವನ್ನು ಟೇಕ್‌ಆಫ್‌ಗೆ ಸಿದ್ಧವಾಗಿ ನಿಂತಿದ್ದಾರೆ ಅಂತಲೂ, ಟೇಕ್‌ಆಫ್ ಶುರು ಮಾಡಿದ್ದಾರೆ ಅಂತಲೂ ಓದಬಹುದಿತ್ತು. ಟವರ್‌ನವರು ಮೊದಲ ಅರ್ಥ ಹಿಡಿದರು. ವಿಮಾನ ಆಗಲೇ ಓಡ್ತಿತ್ತು. ಫ್ಲೈಟ್ ಎಂಜಿನಿಯರ್‌ಗೆ ಅನುಮಾನ ಬಂದು, ಆ ಪ್ಯಾನ್ ಆಮ್ ಇನ್ನೂ ದಾರಿ ಬಿಟ್ಟಿಲ್ವಾ ಅಂತ ಕೇಳಿದರು. ಕ್ಯಾಪ್ಟನ್ ಬಿಟ್ಟಿದೆ ಅಂತ ಗಟ್ಟಿಯಾಗಿ ಹೇಳಿ ಮುಂದುವರೆದರು. ಇದರ ನಂತರ ಜಗತ್ತು ಪದಗಳನ್ನು ಬಿಗಿ ಮಾಡಿತು. ಟೇಕ್‌ಆಫ್ ಅನ್ನೋ ಪದವನ್ನು ನಿಜವಾದ ಅನುಮತಿ ಕೊಡುವಾಗ, ಇಲ್ಲವೇ ಅದನ್ನು ರದ್ದು ಮಾಡುವಾಗ ಮಾತ್ರ ಬಳಸಬೇಕು, ಬೇರೆ ಹೊತ್ತಲ್ಲಿ ಡಿಪಾರ್ಚರ್ ಅನ್ನಬೇಕು ಅಂತಾಯ್ತು.

1990ರ ಜನವರಿ 25. ಕೊಲಂಬಿಯಾದ ಏವಿಯಾಂಕಾ 52 ನ್ಯೂಯಾರ್ಕ್‌ಗೆ ಬರ್ತಿತ್ತು. ಹವಾಮಾನ ಕೆಟ್ಟು, ವಿಮಾನಗಳ ಸಾಲು ಬೆಳೆದು, ಅದನ್ನು ಒಟ್ಟು 77 ನಿಮಿಷ ಆಕಾಶದಲ್ಲೇ ಸುತ್ತಿಸಿದರು. ಇಂಧನ ಮುಗೀತಾ ಬಂತು. ಕ್ಯಾಪ್ಟನ್‌ಗೆ ಇಂಗ್ಲಿಷ್ ಅಷ್ಟಕ್ಕಷ್ಟೇ. ನಾವು ತುರ್ತುಸ್ಥಿತಿಯಲ್ಲಿದ್ದೇವೆ ಅಂತ ಹೇಳು ಅಂತ ಕೋಪೈಲಟ್‌ಗೆ ಸ್ಪ್ಯಾನಿಷ್‌ನಲ್ಲಿ ಹೇಳಿದರು. ಕೋಪೈಲಟ್ ಇಂಧನ ಮುಗೀತಿದೆ ಅಂತ ಹೇಳಿದರು, ಎಮರ್ಜೆನ್ಸಿ ಅನ್ನೋ ಪದ ಬಳಸಲಿಲ್ಲ. ಹೇಳಿದೆಯಾ ಅಂತ ಕ್ಯಾಪ್ಟನ್ ಕೇಳಿದಾಗ ಹೌದು ಸರ್, ಹೇಳಿದೆ ಅಂದರು. ಆ ಒಂದು ಪದ ಬಂದಿದ್ದರೆ ಕಂಟ್ರೋಲರ್‌ಗಳು ಉಳಿದೆಲ್ಲ ವಿಮಾನಗಳನ್ನು ಸರಿಸಿ ದಾರಿ ಮಾಡಿಕೊಡಬೇಕಾಗ್ತಿತ್ತು. ಲಾಂಗ್ ಐಲೆಂಡ್‌ನ ಗುಡ್ಡದ ಮೇಲೆ ವಿಮಾನ ಬಿತ್ತು. ಒಳಗಿದ್ದ 158 ಜನರಲ್ಲಿ 73 ಜನ ಸತ್ತರು.

ಟೆನರೀಫ್‌ನಲ್ಲಿ ಪದಕ್ಕೆ ಎರಡು ಅರ್ಥ ಇತ್ತು. ನ್ಯೂಯಾರ್ಕ್‌ನಲ್ಲಿ ಬೇಕಾದ ಪದ ಬಾಯಿಗೆ ಬರಲಿಲ್ಲ. ಚರ್ಖಿ ದಾದ್ರಿಯಲ್ಲಿ ಈ ಎರಡೂ ತೊಂದರೆ ಇರಲಿಲ್ಲ. ಪದಗಳು ನಿಯಮದ ಪ್ರಕಾರವೇ ಇದ್ದವು, ಸಂಖ್ಯೆಗೆ ಎರಡನೇ ಅರ್ಥ ಇರಲಿಲ್ಲ. ಪದಗಳನ್ನು ಎಷ್ಟೇ ಬಿಗಿ ಮಾಡಿದರೂ ತಪ್ಪಿಸಲಾಗದ ಅಪಘಾತ ಅದು.

ನ್ಯಾಯಮೂರ್ತಿ ಲಾಹೋಟಿ ಏನು ಹೇಳಿದರು

ಸರ್ಕಾರ ತನಿಖೆಗೆ ದೆಹಲಿ ಹೈಕೋರ್ಟಿನ ನ್ಯಾಯಮೂರ್ತಿ ಆರ್. ಸಿ. ಲಾಹೋಟಿ ಅವರನ್ನು ನೇಮಿಸಿತು. ಮುಂದೆ ಇವರೇ ಸುಪ್ರೀಂ ಕೋರ್ಟಿನ ಮುಖ್ಯ ನ್ಯಾಯಮೂರ್ತಿ ಆದವರು. ಕೊಟ್ಟ ಎತ್ತರ ಬಿಟ್ಟು ಇಳಿದ ಕಜಕ್ ವಿಮಾನದ ಮೇಲೆ ಆಯೋಗ ತಪ್ಪು ಹೊರಿಸಿತು. ತಂಡಕ್ಕೆ ಇಂಗ್ಲಿಷ್ ಸಾಲದು, ಕ್ಯಾಪ್ಟನ್ ನಾಯಕತ್ವ ವಹಿಸಲಿಲ್ಲ, ತಂಡದೊಳಗೆ ಹೊಂದಾಣಿಕೆ ಇರಲಿಲ್ಲ ಅಂತ ಹೇಳಿತು.

ಅಷ್ಟಕ್ಕೇ ಫೈಲ್ ಮುಚ್ಚಬಹುದಿತ್ತು. ತಪ್ಪು ಮಾಡಿದವರು ಹೊರದೇಶದವರು, ಬದುಕಿಲ್ಲ, ಮರುಮಾತಾಡುವ ಹಾಗಿಲ್ಲ. ಭಾಷೆ ಕಲಿತು ಬನ್ನಿ ಅಂತ ಉಪದೇಶ ಮಾಡಿ ಕೈತೊಳೆದುಕೊಳ್ಳೋದು ಸುಲಭ. ಶಿಫಾರಸುಗಳು ಮಾತ್ರ ನಮ್ಮ ಮನೆಯ ಕಡೆಗೂ ಬೆರಳು ತೋರಿಸಿದವು. ಹೋಗುವ ವಿಮಾನಕ್ಕೂ ಬರುವ ವಿಮಾನಕ್ಕೂ ಬೇರೆ ಬೇರೆ ಓಣಿ ಮಾಡಿ. ವಾಯುಪಡೆಗೆ ಮೀಸಲಾದ ಆಕಾಶವನ್ನು ಕಡಿಮೆ ಮಾಡಿ. ಎತ್ತರ ತೋರಿಸುವ ಸೆಕೆಂಡರಿ ರೇಡಾರ್ ಹಾಕಿ. ಡಿಕ್ಕಿ ತಪ್ಪಿಸುವ ಸಾಧನವನ್ನು ವಿಮಾನಗಳಲ್ಲಿ ಕಡ್ಡಾಯ ಮಾಡಿ.

ಈ ಕೊನೆಯದು ಹೊಸ ಆವಿಷ್ಕಾರವೇನೂ ಅಲ್ಲ. ಟಿಕ್ಯಾಸ್ ಅಂತ ಕರೀತಾರೆ. ವಿಮಾನಗಳು ನೆಲದವರನ್ನ ಕೇಳದೆ ತಮ್ಮತಮ್ಮಲ್ಲೇ ಎತ್ತರ ವಿಚಾರಿಸಿಕೊಂಡು, ಅಪಾಯ ಕಂಡರೆ ಒಂದಕ್ಕೆ ಏರು, ಇನ್ನೊಂದಕ್ಕೆ ಇಳಿ ಅಂತ ದನಿ ಕೊಡುವ ಯಂತ್ರ. 1986ರಲ್ಲಿ ಕ್ಯಾಲಿಫೋರ್ನಿಯಾದ ಸೆರಿಟೋಸ್‌ನಲ್ಲಿ ಆದ ಡಿಕ್ಕಿಯ ನಂತರ ಅಮೆರಿಕ ಕಾನೂನು ಮಾಡಿ, 1993ರ ಕೊನೆಯೊಳಗೆ ತನ್ನ ದೊಡ್ಡ ಪ್ರಯಾಣಿಕ ವಿಮಾನಗಳಿಗೆಲ್ಲ ಹಾಕಿಸಿತ್ತು. ನವೆಂಬರ್ 12ರ ಆ ಎರಡು ವಿಮಾನಗಳಲ್ಲಿ ಅದು ಇರಲಿಲ್ಲ. ಅಪಘಾತದ ನಂತರ ನಮ್ಮ ಡಿಜಿಸಿಎ ಅದನ್ನು ಕಡ್ಡಾಯ ಮಾಡಿತು.

ಈ ಶಿಫಾರಸುಗಳ ಸಾರ ನೋಡಿ. ಸರಿಯಾಗಿ ಮಾತಾಡಿ ಅನ್ನೋದು ಅದರಲ್ಲಿ ಒಂದು ಪಾಲು ಅಷ್ಟೇ. ಮಾತು ತಪ್ಪಿದರೂ ಎತ್ತರ ಎಲ್ಲರಿಗೂ ಕಾಣೋ ಹಾಗಿರಲಿ ಅನ್ನೋದು ದೊಡ್ಡ ಪಾಲು. ಕಂಟ್ರೋಲರ್‌ಗೆ ಪರದೆಯ ಮೇಲೆ, ಎದುರಿನ ಪೈಲಟ್‌ಗೆ ಯಂತ್ರದ ಮೂಲಕ.

ಯಂತ್ರ ಬಂದ ಮೇಲೂ

ಹಾಗಂತ ಯಂತ್ರ ಬಂದ ಕೂಡಲೇ ಕಥೆ ಮುಗೀಲಿಲ್ಲ. 2002ರ ಜುಲೈ 1ರ ರಾತ್ರಿ, ಜರ್ಮನಿಯ ಯೂಬರ್ಲಿಂಗನ್ ಊರಿನ ಮೇಲೆ ರಷ್ಯಾದ ಒಂದು ಟುಪೊಲೆವ್ 154 ಮತ್ತು ಡಿಎಚ್‌ಎಲ್‌ನ ಸರಕಿನ ಬೋಯಿಂಗ್ 757 ಒಂದೇ ಎತ್ತರದಲ್ಲಿ ಎದುರಾಗ್ತಿದ್ದವು. ಎರಡರಲ್ಲೂ ಟಿಕ್ಯಾಸ್ ಇತ್ತು. ಜ್ಯೂರಿಕ್‌ನಲ್ಲಿ ಒಬ್ಬರೇ ಕಂಟ್ರೋಲರ್ ಎರಡು ಮೇಜಿನ ಕೆಲಸ ನೋಡ್ತಿದ್ದರು. ಅಪಾಯ ಕಂಡು ಅವರು ಟುಪೊಲೆವ್‌ಗೆ ಇಳಿಯಿರಿ ಅಂದರು. ಅದೇ ಹೊತ್ತಿಗೆ ಟುಪೊಲೆವ್‌ನ ಯಂತ್ರ ಏರಿ ಅಂತು. ಬೋಯಿಂಗ್‌ನ ಯಂತ್ರ ಇಳಿಯಿರಿ ಅಂತು. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಅಂತಾರಲ್ಲ, ಹಾಗಾಯ್ತು.

ಟುಪೊಲೆವ್‌ನ ಕಾಕ್‌ಪಿಟ್‌ನಲ್ಲಿ ಆ ದಿನ ಕ್ಯಾಪ್ಟನ್ ಪಕ್ಕದಲ್ಲಿ ಅವರ ಕೆಲಸ ಪರೀಕ್ಷಿಸುವ ಹಿರಿಯ ಪೈಲಟ್ ಕೂತಿದ್ದರು. ಕೋಪೈಲಟ್ ಹಿಂದಿನ ಸೀಟಿಗೆ ಸರಿದಿದ್ದರು. ಯಂತ್ರ ಏರೋಕೆ ಹೇಳ್ತಿದೆ ಅಂತ ಹಿಂದಿನಿಂದ ಆ ಕೋಪೈಲಟ್ ಹೇಳಿದರು. ಅವರು ನಮ್ಮನ್ನ ಇಳಿಸ್ತಿದ್ದಾರೆ ಅಂತ ಮುಂದಿನಿಂದ ಹಿರಿಯರ ಉತ್ತರ ಬಂತು. ವಿಮಾನ ಇಳಿಯಿತು. 71 ಜನ ಸತ್ತರು. ಅವರಲ್ಲಿ ಹೆಚ್ಚಿನವರು ರಷ್ಯಾದ ಊಫಾ ನಗರದಿಂದ ರಜೆಗೆ ಸ್ಪೇನ್‌ಗೆ ಹೊರಟಿದ್ದ ಶಾಲಾ ಮಕ್ಕಳು.

ಇಲ್ಲಿಯೂ ಸರಿಯಾದ ಮಾತು ಕಾಕ್‌ಪಿಟ್‌ನೊಳಗೇ ಇತ್ತು, ಹಿಂದಿನ ಸೀಟಿನಲ್ಲಿ. ಯಂತ್ರ ಒಂದು ಹೇಳಿ ಮನುಷ್ಯ ಇನ್ನೊಂದು ಹೇಳಿದರೆ ಯಾರ ಮಾತು ಕೇಳಬೇಕು ಅನ್ನೋ ನಿಯಮ ಅಲ್ಲಿಯವರೆಗೆ ಎಲ್ಲ ಕಡೆ ಒಂದೇ ರೀತಿ ಸ್ಪಷ್ಟವಾಗಿರಲಿಲ್ಲ. ಆಮೇಲೆ ವಿಶ್ವಸಂಸ್ಥೆಯ ವಿಮಾನಯಾನ ಅಂಗವಾದ ಐಸಿಎಒ ಅದನ್ನು ಸ್ಪಷ್ಟ ಮಾಡಿತು. ಟಿಕ್ಯಾಸ್ ಆಜ್ಞೆ ಕೊಟ್ಟರೆ ಪೈಲಟ್ ಅದನ್ನೇ ಪಾಲಿಸಬೇಕು. ಪಾಲಿಸ್ತಿದ್ದೀವಿ ಅಂತ ತಿಳಿಸಿದ ಮೇಲೆ ಕಂಟ್ರೋಲರ್ ಆ ವಿಮಾನಕ್ಕೆ ಬೇರೆ ಸೂಚನೆ ಕೊಡುವಂತಿಲ್ಲ.

ನಾಲ್ಕನೇ ಹಂತದ ಇಂಗ್ಲಿಷ್

ಭಾಷೆಯ ಮಾತಿಗೆ ಮತ್ತೆ ಬರೋಣ. 1998ರಲ್ಲಿ ಐಸಿಎಒ ಸಭೆ ಭಾಷೆಯ ವಿಷಯವನ್ನು ಗಂಭೀರವಾಗಿ ತೆಗೆದುಕೊಳ್ಳಬೇಕು ಅಂತ ನಿರ್ಣಯ ಮಾಡಿತು. 2003ರಲ್ಲಿ ನಿಯಮ ಬಂತು, 2008ರ ಮಾರ್ಚ್‌ನಿಂದ ಜಾರಿಯಾಯ್ತು. ಅಂತರರಾಷ್ಟ್ರೀಯ ಹಾರಾಟದ ಪೈಲಟ್‌ಗಳು ಮತ್ತು ಕಂಟ್ರೋಲರ್‌ಗಳು ಆರು ಹಂತದ ಅಳತೆಯಲ್ಲಿ ಕನಿಷ್ಠ ನಾಲ್ಕನೇ ಹಂತ ಮುಟ್ಟಿರಬೇಕು.

ಈ ನಾಲ್ಕನೇ ಹಂತದ ವಿವರಣೆ ಓದಿದಾಗ ನನಗೆ ಖುಷಿಯಾಯ್ತು. ಉಚ್ಚಾರಣೆಯಲ್ಲಿ ತಾಯ್ನುಡಿಯ ಛಾಯೆ ಇರಬಹುದು, ಕೇಳುವವರಿಗೆ ಪದೇ ಪದೇ ತೊಡಕಾಗದಿದ್ದರೆ ಸಾಕು. ವ್ಯಾಕರಣದ ತಪ್ಪುಗಳಿಗೂ ಜಾಗ ಇದೆ. ಆದರೆ ಒಂದು ವಿಷಯವನ್ನು ಬಿಡದೆ ಕೇಳುತ್ತೆ. ಅರ್ಥ ಆಗಿಲ್ಲ ಅನಿಸಿದರೆ ವಿಚಾರಿಸಿ, ಖಚಿತ ಮಾಡಿಕೊಂಡು, ಸ್ಪಷ್ಟಪಡಿಸಿಕೊಳ್ಳುವ ಶಕ್ತಿ ಇರಬೇಕು. ಅಂದರೆ ಅಲ್ಲಿ ಅಳೆಯೋದು ಅಂದದ ಇಂಗ್ಲಿಷನ್ನಲ್ಲ, ಮತ್ತೊಮ್ಮೆ ಕೇಳುವ ಧೈರ್ಯವನ್ನ.

ಮುಂಬೈ, ಪುಣೆ, ಚೆನ್ನೈ, ಹೈದರಾಬಾದ್ ಎಲ್ಲೇ ಇದ್ದರೂ ನಾವೆಲ್ಲ ದಿನವಿಡೀ ಕಲಿತ ಭಾಷೆಗಳಲ್ಲೇ ಕೆಲಸ ಮಾಡುವವರು. ಮೀಟಿಂಗ್‌ನಲ್ಲಿ "ಯಾ ಯಾ, ಗಾಟ್ ಇಟ್" ಅಂತ ಹೇಳಿ, ಕಾಲ್ ಮುಗಿದ ಮೇಲೆ ಪಕ್ಕದವರನ್ನ "ಏನಂತೆ ಮಾರಾಯ?" ಅಂತ ಕೇಳೋದು ನಮಗೆ ಹೊಸದಲ್ಲ. ಕಜಕ್ ಕಾಕ್‌ಪಿಟ್‌ನಲ್ಲಿ, ನಮಗೆ ಕೊಟ್ಟ ಎತ್ತರ ಯಾವುದು ಅಂತ ಕೇಳಿದ ಪ್ರಶ್ನೆಯೂ ಇದೇ ಜಾತಿಯದು. ಅದನ್ನು ಕೇಳಿದ್ದು ತಪ್ಪಲ್ಲ. 150 ಅನ್ನೋ ಮಾತು ಬಂದ ಕೂಡಲೇ ಅದನ್ನು ಕೇಳಬಹುದಾದ ವಾತಾವರಣ ಅಲ್ಲಿ ಇರಲಿಲ್ಲ, ಅದಕ್ಕೆ ಉತ್ತರ ಹೇಳಬೇಕಾದ ಮನುಷ್ಯನ ಮುಂದೆ ಮೀಟರ್ ಇರಲಿಲ್ಲ.

ಈಗ ಕಂಟ್ರೋಲರ್ ಪರದೆಯ ಮೇಲೆ ಪ್ರತಿ ಚುಕ್ಕಿಯ ಪಕ್ಕದಲ್ಲಿ ಎತ್ತರದ ಸಂಖ್ಯೆ ಇರುತ್ತೆ. ಹೊಸ ವಿಮಾನಗಳ ಕಾಕ್‌ಪಿಟ್‌ನಲ್ಲಿ ರೇಡಿಯೋ ಆಪರೇಟರ್‌ನ ಸೀಟೇ ಇಲ್ಲ. ಮಾತಾಡುವವರೂ ಪೈಲಟ್‌ಗಳೇ, ಇಬ್ಬರ ಮುಂದೆಯೂ ಆಲ್ಟಿಮೀಟರ್ ಇದೆ. ಒಬ್ಬರು ಎತ್ತರ ಹೊಂದಿಸಿದರೆ ಇನ್ನೊಬ್ಬರು ಅದನ್ನು ನೋಡಿ, ಬಾಯಿಬಿಟ್ಟು ಹೇಳಿ ತಾಳೆ ನೋಡ್ತಾರೆ. ನಾವು ಊರಿಗೆ ಹೋಗೋಕೆ ಬೆಂಗಳೂರಿನ ವಿಮಾನ ಹತ್ತಿ ಕೂತಾಗ ಮುಂದಿನ ಬಾಗಿಲ ಹಿಂದೆ ಈ ಪುಟ್ಟ ಮಾತುಕತೆ ನಡೀತಿರುತ್ತೆ. ಆ ಪದ್ಧತಿ ಬರೋದಕ್ಕೆ ಕಾರಣವಾದವರಲ್ಲಿ ಚರ್ಖಿ ದಾದ್ರಿಯ ಹೊಲದಲ್ಲಿ ಬಿದ್ದ 349 ಜನರೂ ಇದ್ದಾರೆ.